ಇಂಗ್ಲಿಷ್ ಕ್ರಿಯಾವಿಶೇಷಣ: ಜಾಗ ತಪ್ಪುವುದನ್ನು ಸರಿಪಡಿಸಿದ ಬಗೆ

ಮುಂಬಯಿಯ ಮಾಟುಂಗಾದಲ್ಲಿ ನಾನು ಸಂಜೆ ಇಂಗ್ಲಿಷ್ ಹೇಳಿಕೊಡುವ ಕನ್ನಡ ಮಾಧ್ಯಮದ ಮಕ್ಕಳ ಬರಹದಲ್ಲೆಲ್ಲ ಒಂದೇ ತೊಡಕು, ಕ್ರಿಯೆ ಹೇಗೆ, ಎಲ್ಲಿ, ಯಾವಾಗ ಎಂದು ಹೇಳುವ ಕ್ರಿಯಾವಿಶೇಷಣ (ಆಡ್ವರ್ಬ್) ತಪ್ಪು ಜಾಗದಲ್ಲಿ ಬರುವುದು: ‘ಐ ಲೈಕ್ ವೆರಿ ಮಚ್ ಕ್ರಿಕೆಟ್’, ‘ಹೀ ಕಮ್ಸ್ ಆಲ್ವೇಸ್ ಲೇಟ್’.

ಕ್ರಿಯಾವಿಶೇಷಣಗಳ ಪಟ್ಟಿ ಉರುಹೊಡೆಸಿದ್ದು ಫಲಿಸಲಿಲ್ಲ. ಪದದ ಕೊನೆಗೆ ‘ಲಿ’ (-ly) ಸೇರಿಸುವ ಸೂತ್ರ ಇನ್ನಷ್ಟು ಕೆಡಿಸಿತು. ‘ಹೀ ವರ್ಕ್ಸ್ ಹಾರ್ಡ್‌ಲಿ’ ಎಂದರೆ ಅವನು ಕಷ್ಟಪಟ್ಟು ದುಡಿಯುತ್ತಾನೆ ಎಂದಲ್ಲ, ದುಡಿಯುವುದೇ ಅಪರೂಪ ಎಂದಾಗುತ್ತದೆ.

ಫಲಿಸಿದ ಕ್ರಮ ಇದು. ಮೊದಲು ಕ್ರಿಯಾವಿಶೇಷಣವನ್ನು ವಾಕ್ಯದಿಂದ ತೆಗೆದುಬಿಡಿ. ಕ್ರಿಯಾಪದ, ಕರ್ಮ ಎರಡನ್ನೂ ಅಂಟಿಸಿ: ‘ಲೈಕ್ ಕ್ರಿಕೆಟ್’. ನಡುವೆ ಏನೂ ನುಸುಳಬಾರದು. ‘ವೆರಿ ಮಚ್’ ಆಮೇಲೆ. ‘ಆಲ್ವೇಸ್’, ‘ನೆವರ್’, ‘ಆಫನ್’ ಮುಖ್ಯ ಕ್ರಿಯಾಪದಕ್ಕೆ ಮೊದಲೇ ನಿಲ್ಲುತ್ತವೆ: ‘ಹೀ ಆಲ್ವೇಸ್ ಕಮ್ಸ್ ಲೇಟ್’. ‘ಈಸ್’, ‘ವಾಸ್’ ಇದ್ದರೆ ಅವುಗಳ ನಂತರ: ‘ಹೀ ಈಸ್ ಆಲ್ವೇಸ್ ಲೇಟ್’. ಸಹಾಯಕ ಕ್ರಿಯಾಪದಗಳಿದ್ದರೆ ಮೊದಲನೆಯದರ ನಂತರ.

ಉಳಿದವುಗಳಿಗೆ ನಮ್ಮ ಕನ್ನಡವೇ ದಾರಿ ತೋರಿತು. ‘ನಿನ್ನೆ ಪುಣೆಯಲ್ಲಿ ಚೆನ್ನಾಗಿ ಹಾಡಿದಳು’ ಎಂಬುದನ್ನು ಹಿಂದಿನಿಂದ ಓದಿಸಿದೆ: ಹಾಡಿದಳು, ಚೆನ್ನಾಗಿ, ಪುಣೆಯಲ್ಲಿ, ನಿನ್ನೆ. ‘ಶೀ ಸ್ಯಾಂಗ್ ವೆಲ್ ಇನ್ ಪುಣೆ ಯೆಸ್ಟರ್‌ಡೇ’. ರೀತಿ, ಸ್ಥಳ, ಕಾಲ ತಾವಾಗಿಯೇ ಸಾಲುಗೂಡಿದವು.

‘ಹಾರ್ಡ್’, ‘ಫಾಸ್ಟ್’, ‘ಲೇಟ್’ ಕ್ರಿಯಾವಿಶೇಷಣವಾದಾಗಲೂ ರೂಪ ಬದಲಿಸುವುದಿಲ್ಲ. ಇವನ್ನು ಪುಸ್ತಕದ ಕೊನೆಯ ಪುಟದಲ್ಲಿ ಬೇರೆಯಾಗಿಯೇ ಬರೆಸಿಡಿ.