ಮೊದಲು ಕೇಳಬೇಕಾದ್ದು: ಈಗ ಮಾತಾಡಬಹುದಾ?

ಗಂಡನಿಂದ ಪೆಟ್ಟು ತಿನ್ನುತ್ತಿದ್ದ ಗೆಳತಿಗೆ ಒಂದು ರಾತ್ರಿ ಹನ್ನೊಂದು ಗಂಟೆಗೆ ಒಂದು ಉದ್ದನೆಯ ಮೆಸೇಜ್ ಕಳಿಸಿದೆ. ಸಹಾಯವಾಣಿಯ ನಂಬರು, ವಕೀಲರೊಬ್ಬರ ನಂಬರು, ಕೊನೆಗೆ ‘ಇನ್ನು ಸಹಿಸಬೇಡ, ನಾನಿದ್ದೀನಿ’ ಅಂತ ಒಂದು ಸಾಲು. ಎರಡು ನೀಲಿ ಟಿಕ್ ಬಿದ್ದವು. ಓದಿದ್ದು ಅವಳಲ್ಲ, ಅವಳ ಗಂಡ. ಆಮೇಲೆ ನಾಲ್ಕು ತಿಂಗಳು ಅವಳು ನನ್ನ ಕೈಗೆ ಸಿಗಲಿಲ್ಲ.

ಆ ತಪ್ಪೇ ನನ್ನನ್ನು ಒಂದು ಸಹಾಯವಾಣಿಯ ಕುರ್ಚಿಗೆ ತಂದು ಕೂರಿಸಿತು. ಆರು ವರ್ಷ ಅಲ್ಲಿ ಫೋನೆತ್ತಿದೆ. ಮೊದಲ ದಿನವೇ ಹೇಳಿಕೊಟ್ಟರು: ‘ಏನಾಯ್ತು’ ಅಂತ ಕೇಳುವುದು ಆಮೇಲೆ, ಮೊದಲು ‘ಈಗ ಮಾತಾಡಬಹುದಾ? ಪಕ್ಕದಲ್ಲಿ ಯಾರಾದರೂ ಇದ್ದಾರಾ?’ ಅಂತ ಕೇಳಿ. ಪೆಟ್ಟು ತಿನ್ನುತ್ತಿರುವವರಿಗೂ ಇದನ್ನು ಬರೆಯುತ್ತಿದ್ದೇನೆ, ಆದರೆ ಅವರ ಪಕ್ಕದಲ್ಲಿರುವ ಅಕ್ಕ, ತಮ್ಮ, ಸಹೋದ್ಯೋಗಿಗೆ ಒಂದು ಪಾಲು ಹೆಚ್ಚು. ನಾನು ಎತ್ತಿದ ಕರೆಗಳಲ್ಲಿ ಎಷ್ಟೋ ಜನ ಅದಕ್ಕೂ ಮೊದಲು ಇಂಥ ಒಬ್ಬರಿಗೆ ಹೇಳಿಕೊಂಡು, ಅವರ ಮುಖ ನೋಡಿ ಸುಮ್ಮನಾಗಿದ್ದವರು.

ಹೇಳಿಕೊಂಡಾಗ

‘ನಾನು ನಂಬುತ್ತೇನೆ. ಇದು ನಿನ್ನ ತಪ್ಪಲ್ಲ. ನಿನಗೆ ಈಗ ಏನು ಬೇಕು?’ ಇಷ್ಟು ಸಾಕು. ‘ಇಷ್ಟು ದಿನ ಯಾಕೆ ಇದ್ದೆ?’ ಅನ್ನುವ ಪ್ರಶ್ನೆ ಮಾತ್ರ ಬೇಡ. ಅವಳು ಇದ್ದದ್ದಕ್ಕೆ ಲೆಕ್ಕ ಇದೆ: ಮಕ್ಕಳು, ದುಡ್ಡು, ‘ಬಿಟ್ಟು ಹೋದರೆ ಕೊಲ್ಲುತ್ತೇನೆ’ ಅನ್ನುವ ಮಾತು. ಅದು ಬರೀ ಬೆದರಿಕೆಯ ಮಾತಲ್ಲ. ಬಿಟ್ಟು ಹೊರಡುವ ಹೊತ್ತು, ಹೊರಟ ಮೇಲಿನ ವಾರಗಳು, ಇವೇ ಎಲ್ಲಕ್ಕಿಂತ ಅಪಾಯದ ಸಮಯ. ಆದ್ದರಿಂದ ‘ಇವತ್ತೇ ಗಂಟು ಮೂಟೆ ಕಟ್ಟು’ ಅನ್ನುವ ನಿಮ್ಮ ಆವೇಶವನ್ನು ಸ್ವಲ್ಪ ಹಿಡಿದಿಡಿ. ಗಂಡನನ್ನು ಕರೆದು ಬುದ್ಧಿ ಹೇಳಲು ಹೋಗಲೇಬೇಡಿ. ನೀವು ಹೇಳಿದ ಬುದ್ಧಿಗೆ ಬಾಗಿಲು ಮುಚ್ಚಿದ ಮೇಲೆ ಬೆಲೆ ತೆರುವವಳು ಅವಳು. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾಡುವ ರಾಜಿ, ಜೋಡಿ ಕೌನ್ಸೆಲಿಂಗ್ ಕೂಡ ಹಾಗೆಯೇ. ಅವನೆದುರು ಅವಳು ನಿಜ ಹೇಳಲಾರಳು, ಹೇಳಿದರೆ ಅದೇ ಅವನ ಕೈಗೆ ಅಸ್ತ್ರ.

‘ಹೊಡೆಯೋದೇನಿಲ್ಲ, ಆದರೆ...’ ಅಂತ ಶುರುವಾಗುವ ಕರೆಗಳು ನನಗೆ ಬಹಳ ಬರುತ್ತಿದ್ದವು. ಅಮೆರಿಕದ ಡುಲುತ್ ಊರಿನಲ್ಲಿ 1984ರ ಹೊತ್ತಿಗೆ ನೊಂದ ಹೆಂಗಸರ ಅನುಭವಗಳನ್ನೇ ಕೇಳಿ ಒಂದು ಚಕ್ರದ ಚಿತ್ರ ಮಾಡಿದರು. ನಡುವಿನ ಗುಂಬದಲ್ಲಿ ಅಧಿಕಾರ ಮತ್ತು ಹಿಡಿತ. ಕಡ್ಡಿಗಳು: ದುಡ್ಡು ಕೊಡದಿರುವುದು, ತವರು-ಗೆಳೆಯರಿಂದ ದೂರ ಮಾಡುವುದು, ಹೆದರಿಸುವುದು, ಮಕ್ಕಳನ್ನು ಮುಂದಿಟ್ಟು ಆಟವಾಡುವುದು, ‘ಎಲ್ಲ ನಿನ್ನಿಂದಲೇ’ ಅನ್ನುವುದು. ಹೊಡೆತ ಇರುವುದು ಹೊರಗಿನ ಪಟ್ಟಿಯಲ್ಲಿ, ಕಡ್ಡಿಗಳನ್ನೆಲ್ಲ ಬಿಗಿಯಾಗಿ ಹಿಡಿದುಕೊಂಡು. ಆ ಚಕ್ರವನ್ನು ಬಾಯಲ್ಲೇ ಬಿಡಿಸಿ ಹೇಳಿದಾಗ ಆಚೆಯಿಂದ ಒಂದು ಕ್ಷಣ ಮೌನ, ಆಮೇಲೆ ‘ಹೂಂ’.

ಕುತ್ತಿಗೆಗೆ ಕೈ ಹಾಕಿದ್ದರೆ

ಇದನ್ನು ಬಾಯಿ ಬಿಟ್ಟು ಕೇಳಬೇಕು, ತಾನಾಗಿ ಹೇಳುವವರು ಕಡಿಮೆ. ಕತ್ತು ಹಿಸುಕುವುದು ಮುಂದೆ ಕೊಲೆಯಾಗಬಹುದು ಅನ್ನುವುದರ ಬಹುದೊಡ್ಡ ಸೂಚನೆ. ಹೊರಗೆ ಗುರುತೇ ಕಾಣದಿದ್ದರೂ ಒಳಗೆ ರಕ್ತನಾಳಕ್ಕೆ ಪೆಟ್ಟಾಗಿರಬಹುದು. ದನಿ ಒಡೆಯುವುದು, ನುಂಗಲು ಕಷ್ಟ, ತಲೆ ಸುತ್ತು ಗಂಟೆಗಳು ಕಳೆದ ಮೇಲೂ, ಕೆಲವೊಮ್ಮೆ ದಿನಗಳು ಕಳೆದ ಮೇಲೂ ಬರಬಹುದು. ಅಂದೇ ವೈದ್ಯರ ಹತ್ತಿರ ಹೋಗಬೇಕು, ‘ಜಾರಿ ಬಿದ್ದೆ’ ಅನ್ನದೆ ಆದದ್ದನ್ನೇ ಹೇಳಿ ಅದನ್ನೇ ಬರೆಸಿಕೊಳ್ಳಬೇಕು. ಮನೆಯಲ್ಲಿ ಆಯುಧ ಇರುವುದು, ಕೊಲ್ಲುವ ಅಥವಾ ತಾನೇ ಸಾಯುವ ಬೆದರಿಕೆ, ಹಿಂಬಾಲಿಸುವುದು, ಬಸುರಿಯಲ್ಲೂ ಹೊಡೆಯುವುದು, ಹೊಡೆತ ದಿನೇದಿನೇ ಹೆಚ್ಚುವುದು: ಇವುಗಳಲ್ಲಿ ಒಂದಿದ್ದರೂ ‘ನೋಡೋಣ’ ಅನ್ನುವಂತಿಲ್ಲ. ಅವತ್ತೇ ಸಹಾಯವಾಣಿಗೆ ಕರೆ ಮಾಡಿಸಿ.

ಜಗಳ ಏರುತ್ತಿದೆ ಅನ್ನಿಸಿದಾಗ ಅಡುಗೆಮನೆ, ಬಚ್ಚಲುಮನೆ ಬಿಟ್ಟು ಹೊರಬಾಗಿಲು ಹತ್ತಿರವಿರುವ ಕೋಣೆಗೆ ಸರಿಯುವುದು ಒಳ್ಳೆಯದು. ಮಕ್ಕಳಿಗೆ ನಡುವೆ ಬರಬಾರದೆಂದು, ತುರ್ತು ನಂಬರಿಗೆ ಕರೆ ಮಾಡಿ ವಿಳಾಸ ಹೇಳಬೇಕೆಂದು ಕಲಿಸಿರಬೇಕು.

ಯಾರಿಗೆ ಕರೆ ಮಾಡುವುದು

ಪ್ರಾಣಕ್ಕೆ ಅಪಾಯ ಅನ್ನಿಸಿದ ಕ್ಷಣದಲ್ಲಿ ತುರ್ತು ಸಂಖ್ಯೆ: ಭಾರತದಲ್ಲಿ 112, ಅಮೆರಿಕದಲ್ಲಿ 911, ಬ್ರಿಟನ್ನಿನಲ್ಲಿ 999. ಬ್ರಿಟನ್ನಿನಲ್ಲಿ ಮೊಬೈಲಿನಿಂದ ಕರೆ ಮಾಡಿ ಮಾತಾಡಲು ಆಗದಿದ್ದರೆ, ಕೇಳಿದಾಗ 55 ಒತ್ತಿದರೆ ಕರೆ ಪೊಲೀಸರಿಗೆ ಹೋಗುತ್ತದೆ. ಹಾಗಂತ ನೀವಿರುವ ಜಾಗ ತಾನಾಗಿ ಗೊತ್ತಾಗುವುದಿಲ್ಲ, ಅದನ್ನು ಹೇಗಾದರೂ ತಿಳಿಸಬೇಕು. ತುರ್ತಲ್ಲದ, ಮನಸ್ಸು ಬಿಚ್ಚಿ ಮಾತಾಡುವ ಕರೆಗೆ ಬೇರೆ ಸಹಾಯವಾಣಿಗಳಿವೆ: ಭಾರತದಲ್ಲಿ ಮಹಿಳಾ ಸಹಾಯವಾಣಿ 181, ಅಮೆರಿಕದಲ್ಲಿ 1-800-799-7233, ಬ್ರಿಟನ್ನಿನಲ್ಲಿ 0808 2000 247, ಆಸ್ಟ್ರೇಲಿಯಾದಲ್ಲಿ 1800 737 732. ಅಮೆರಿಕದ ಸಹಾಯವಾಣಿ ಗಂಡಸರ ಕರೆಯನ್ನೂ ತೆಗೆದುಕೊಳ್ಳುತ್ತದೆ. ಪೆಟ್ಟು ತಿನ್ನುವ ಗಂಡಸರೂ ಇದ್ದಾರೆ, ನಗುತ್ತಾರೆಂದು ಹೇಳಿಕೊಳ್ಳದವರು.

ಕರೆ ಮಾಡಿದರೆ ಮನೆ ಬಿಡಲೇಬೇಕು, ದೂರು ಕೊಡಲೇಬೇಕು ಅಂತೇನೂ ಇಲ್ಲ. ಬರೀ ಕೇಳಿ ತಿಳಿದು ಫೋನಿಡಬಹುದು. ಮೂರು ಸಲ ಕರೆ ಮಾಡಿ, ಮೂರು ಸಲವೂ ಒಂದೇ ಒಂದು ಮಾತಾಡದೆ ಇಟ್ಟವರನ್ನು ನಾನು ಬಲ್ಲೆ. ನಾಲ್ಕನೇ ಸಲ ಮಾತಾಡಿದರು.

ಕಾನೂನು ದೇಶಕ್ಕೊಂದು. ಭಾರತದ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಜನ ಮರೆಯುವ ಒಂದು ಅಂಶ ಹೇಳಿಬಿಡುತ್ತೇನೆ: ಮನೆ ಅವಳ ಹೆಸರಿನಲ್ಲಿ ಇಲ್ಲದಿದ್ದರೂ ತಾನಿದ್ದ ಮನೆಯಲ್ಲಿ ವಾಸಿಸುವ ಹಕ್ಕು ಅವಳಿಗಿದೆ. ಅರ್ಜಿ ಹಾಕಲು ಈ ಕಾಯ್ದೆಯಡಿ ಸರ್ಕಾರ ನೇಮಿಸಿದ ರಕ್ಷಣಾಧಿಕಾರಿ ನೆರವಾಗುತ್ತಾರೆ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, ಹೆಂಗಸರಿಗೆ ಅದಕ್ಕೆ ಆದಾಯದ ಮಿತಿ ಇಲ್ಲ.

ಆಶ್ರಯಧಾಮಕ್ಕೆ ಹೊರಡುವ ಮುಂಚೆ ಫೋನಿನಲ್ಲೇ ಕೇಳಿ: ಮಕ್ಕಳನ್ನು ಕರೆತರಬಹುದಾ, ಬೆಳೆದ ಗಂಡುಮಗನಿದ್ದರೆ ಸೇರಿಸಿಕೊಳ್ಳುತ್ತೀರಾ, ಎಷ್ಟು ದಿನ? ಹದಿನಾಲ್ಕರ ಮಗನ ಜೊತೆ ಬಾಗಿಲಲ್ಲಿ ನಿಂತು ‘ಇವನಿಗೆ ಜಾಗ ಇಲ್ಲ’ ಅನ್ನಿಸಿಕೊಂಡ ತಾಯಿಯೊಬ್ಬಳು ಅಲ್ಲಿಂದಲೇ ಮನೆಗೆ ವಾಪಸ್ ಹೋದಳು. ಆ ರಾತ್ರಿ ಅವಳು ಎರಡು ಸಲ ಕರೆ ಮಾಡಿದಳು, ಎರಡನ್ನೂ ಎತ್ತಿದ್ದು ನಾನೇ.

ಫೋನು, ಚೀಲ, ಗುಟ್ಟು

ನನ್ನ ಗೆಳತಿ ನಾಲ್ಕು ತಿಂಗಳ ಮೇಲೆ ಬೇರೆಯವರ ಫೋನಿನಿಂದ ಕರೆ ಮಾಡಿದಳು. ಈ ಸಲ ನಾನು ಬಾಯಿ ಮುಚ್ಚಿಕೊಂಡು ಕೇಳಿದೆ. ಒಂದು ಗುಟ್ಟಿನ ಮಾತು ಗೊತ್ತು ಮಾಡಿಕೊಂಡೆವು: ‘ಆ ಪುಸ್ತಕ ವಾಪಸ್ ಬೇಕಿತ್ತು’ ಅಂತ ಅವಳಂದರೆ ನಾನು ಪೊಲೀಸರಿಗೆ ಕರೆ ಮಾಡಬೇಕು. ‘ಪುಸ್ತಕ ಓದ್ತಾ ಇದ್ದೀನಿ’ ಅಂದರೆ ಪಕ್ಕದಲ್ಲಿ ಅವನಿದ್ದಾನೆ.

ಚೀಲವನ್ನು ಅವಳ ಮನೆಯಲ್ಲಿ ಇಡಲಿಲ್ಲ, ನನ್ನ ಬೀರುವಿನಲ್ಲಿಟ್ಟೆವು. ವಾರಕ್ಕೆ ಒಂದೊಂದೇ ವಸ್ತು ಬಂತು: ಮಗುವಿನ ಜನನ ಪತ್ರ, ಗುರುತಿನ ಚೀಟಿ, ಬ್ಯಾಂಕಿನ ಕಾಗದ, ಮಾತ್ರೆಯ ಚೀಟಿ, ಮನೆಯ ಇನ್ನೊಂದು ಬೀಗದ ಕೈ, ಸ್ವಲ್ಪ ನಗದು, ಮಗು ತಬ್ಬಿ ಮಲಗುವ ಹರಕು ಬಟ್ಟೆಯ ಆನೆ. ತರಲಾಗದ ಕಾಗದದ ಫೋಟೋ ತೆಗೆದು, ಅವನಿಗೆ ಗೊತ್ತಿಲ್ಲದ ಹೊಸ ಇಮೇಲ್‌ಗೆ ಕಳಿಸಿದಳು. ಆ ಇಮೇಲನ್ನು ಅವಳ ಫೋನಿನಲ್ಲಿ ತೆರೆದೇ ಇರಲಿಲ್ಲ, ಆಫೀಸಿನ ಕಂಪ್ಯೂಟರಿನಲ್ಲಿ ಮಾಡಿದ್ದು. ಗಾಯದ ಫೋಟೋ ತೆಗೆಯುವಾಗ ಒಂದರಲ್ಲಿ ಮುಖ ಕಾಣಬೇಕು, ಇನ್ನೊಂದರಲ್ಲಿ ಅಳತೆಗೆ ಪಕ್ಕದಲ್ಲೊಂದು ನಾಣ್ಯ. ಜೊತೆಗೆ ತಾರೀಕು, ಹೊತ್ತು, ಅವನಾಡಿದ ಮಾತು ಆಡಿದ ಹಾಗೆಯೇ.

ಫೋನಿನ ಹಿಸ್ಟರಿಯನ್ನು ಪೂರ್ತಿ ಅಳಿಸುವುದು ಜಾಣತನ ಅನ್ನಿಸುತ್ತದೆ, ಆದರೆ ಕಣ್ಣಿಟ್ಟಿರುವವನಿಗೆ ಖಾಲಿ ಹಿಸ್ಟರಿಯೇ ಅನುಮಾನ ತರುತ್ತದೆ. ಬೇಡವಾದ ಒಂದೆರಡನ್ನು ಮಾತ್ರ ಅಳಿಸಿ, ಇಲ್ಲವೇ ಬೇರೆ ಫೋನು ಬಳಸಿ. ಲೊಕೇಶನ್ ಹಂಚಿಕೆಯನ್ನು ಹೊರಡುವ ಮುಂಚೆಯೇ ಆಫ್ ಮಾಡಿದರೂ ಅದೇ ಕಥೆ, ಅದು ಹೊರಡುವ ಗಳಿಗೆಯ ಕೆಲಸ.

ಅವಳು ಒಮ್ಮೆ ಹೊರಟು, ಹನ್ನೆರಡು ದಿನಕ್ಕೆ ವಾಪಸ್ ಹೋದಳು. ನನಗೆ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಹೀಗೆ ಹೋಗಿ ಬಂದು ಮಾಡುವುದು ಬಹಳ ಜನರ ಕಥೆ ಅಂತ ಕುರ್ಚಿಯಲ್ಲಿ ಕೂತು ಕಲಿತಿದ್ದರೂ ಬಂತು. ಚೀಲವನ್ನು ಮಾತ್ರ ಬೀರುವಿನಿಂದ ತೆಗೆಯಲಿಲ್ಲ. ಎರಡನೇ ಸಲ, ಅವನು ಕೆಲಸಕ್ಕೆ ಹೋಗಿದ್ದ ಒಂದು ಬೆಳಿಗ್ಗೆ, ಸಂತೆಗೆ ಹೊರಟವಳ ಹಾಗೆ ಬರೀ ಕೈಯಲ್ಲಿ ಬಂದಳು.

ಹೊರಬಂದ ಮೇಲೆ ಶಾಲೆಗೆ ಹೇಳಿ ಮಗುವನ್ನು ಕರೆದೊಯ್ಯಲು ಯಾರಿಗೆಲ್ಲ ಅನುಮತಿ ಅನ್ನುವ ಪಟ್ಟಿ ಬದಲಿಸಿದೆವು, ಪಾಸ್‌ವರ್ಡ್‌ಗಳನ್ನೆಲ್ಲ ಹೊಸ ಫೋನಿನಿಂದ ಬದಲಿಸಿದೆವು, ದಿನಾ ಹೋಗುವ ದಾರಿ ಬದಲಿಸಿದೆವು. ಇಷ್ಟಾದರೂ ಅವನು ಎರಡು ಸಲ ಬೀದಿಯ ತುದಿಯಲ್ಲಿ ಕಾಣಿಸಿಕೊಂಡ. ಹೇಗೆ ಅಂತ ತಲೆ ಕೆಡಿಸಿಕೊಂಡು ಕೂತಾಗ ಮಗು ಮೂಲೆಯಲ್ಲಿ ಟ್ಯಾಬ್ ಹಿಡಿದು ಕಾರ್ಟೂನ್ ನೋಡುತ್ತಿತ್ತು. ಅದರಲ್ಲಿದ್ದದ್ದು ಇನ್ನೂ ಅಪ್ಪನ ಖಾತೆಯೇ.