ನಾಯಿಗೊಂದು ಕಿಂಡಿ ಬಾಗಿಲು

ನಾಯಿ ಓಡಾಡಲಿ ಅಂತ ಹಿತ್ತಿಲ ಕಡೆ ಕಿಂಡಿ ಬಾಗಿಲು ಇಡಿಸುವವರು ಮೊದಲು ಗಾಳಿ ಯಾವ ಕಡೆಯಿಂದ ಬೀಸುತ್ತದೆ ಅಂತ ನೋಡಿಕೊಳ್ಳಿ. ನಮ್ಮ ಚಿತ್ರದುರ್ಗದಲ್ಲಂತೂ ಇದೇ ಮುಖ್ಯ. ಗುಡ್ಡಗಳ ಮೇಲೆ ಸಾಲಾಗಿ ಗಾಳಿ ಫ್ಯಾನು ನಿಲ್ಲಿಸಿರುವುದು ಸುಮ್ನೆ ಅಲ್ಲ ಅಲ್ವಾ. ನಾನು ಮೊದಲ ಸಲ ಅಡುಗೆಮನೆಯ ಪಶ್ಚಿಮದ ಬಾಗಿಲಿಗೇ ಕೊರೆಸಿದ್ದೆ. ಆಷಾಢ ಬಂತು ನೋಡಿ, ರಾತ್ರಿಯೆಲ್ಲ ಕಿಂಡಿಗೆ ನೇತುಬಿಟ್ಟ ಪರದೆ ಪಟಪಟ ಬಡಿಯೋದು, ಬೆಳಿಗ್ಗೆ ಎದ್ದರೆ ಹಿಟ್ಟಿನ ಡಬ್ಬಿ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಕೊನೆಗೆ ಅದನ್ನು ಮುಚ್ಚಿಸಿ ಪೂರ್ವದ ಗೋಡೆಯಲ್ಲಿ ಮಾಡಿಸಿದೆ.

ಅಳತೆಗೆ ನಾಯಿಯನ್ನು ನೆಟ್ಟಗೆ ನಿಲ್ಲಿಸಿ. ತಲೆ ಲೆಕ್ಕಕ್ಕಿಲ್ಲ, ಅದು ತಲೆ ಬಗ್ಗಿಸಿಯೇ ನುಗ್ಗುತ್ತದೆ. ನೆಲದಿಂದ ಭುಜದ ತುದಿಗೆ ಅಳೆದು 2 ಇಂಚು ಸೇರಿಸಿದರೆ ಕಿಂಡಿಯ ಮೇಲಂಚು ಎಲ್ಲಿ ಬರಬೇಕು ಅಂತ ಗೊತ್ತಾಗುತ್ತದೆ. ಮೈಯ ದಪ್ಪ ಭಾಗಕ್ಕೆ ಇನ್ನೊಂದು 2 ಇಂಚು ಸೇರಿಸಿ, ಅದು ಅಗಲ. ಕೆಳಗಿನ ಅಂಚು ಹೊಟ್ಟೆಗಿಂತ ಸ್ವಲ್ಪ ಕೆಳಗಿರಲಿ. ತೀರಾ ನೆಲಕ್ಕಿಟ್ಟರೆ ಮಳೆ ನೀರೂ ಚೇಳೂ ಒಳಗೆ ಬರುತ್ತವೆ. ಮರಿಯಾದರೆ ಅದರ ಜಾತಿ ಎಷ್ಟು ಬೆಳೆಯುತ್ತದೆ ಅಂತ ಕೇಳಿ ತಿಳಿದು, ಆ ಅಳತೆಗೇ ಮಾಡಿಸಿ, ಅಲ್ಲಿಯವರೆಗೆ ಮುಂದೆ ಒಂದು ಹಲಗೆಯ ಮೆಟ್ಟಿಲು ಇಟ್ಟರಾಯಿತು.

ಬಾಗಿಲಲ್ಲೇ ಕೊರೆಸುವುದಾದರೆ ಕಿಂಡಿಯಿಂದ ಕೈ ಹಾಕಿದರೆ ಚಿಲಕ ಸಿಗದ ಹಾಗೆ ದೂರ ಇರಲಿ, ಮುಂಬಾಗಿಲಿಗಂತೂ ಬೇಡ. ಆದರೆ ನನ್ನ ಕೇಳಿದರೆ ಗೋಡೆಯೇ ಒಳ್ಳೆಯದು. 9 ಇಂಚಿನ ಇಟ್ಟಿಗೆ ಗೋಡೆಯಲ್ಲಿ ಕಿಂಡಿ ಮಾಡಿಸಿ, ಒಳಗೊಂದು ಹೊರಗೊಂದು ಎರಡು ಪರದೆ ಹಾಕಿದರೆ ನಡುವೆ ಗಾಳಿ ಅಲುಗಾಡದೆ ನಿಲ್ಲುತ್ತದೆ. ನಿಂತ ಗಾಳಿ ಬಿಸಿಯನ್ನು ಸುಲಭಕ್ಕೆ ದಾಟಿಸುವುದಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಒಳಗಿನ ಪರದೆ ಮುಟ್ಟಿ ನೋಡಿ, ಒಂದೇ ಪರದೆ ಇದ್ದಾಗಿನ ಹಾಗೆ ಸುಡುವುದಿಲ್ಲ. ಕಿಂಡಿಯ ಮೇಲೆ ಕಲ್ಲಿನ ಪಟ್ಟಿಯನ್ನೋ ಸಿಮೆಂಟ್ ಲಿಂಟಲನ್ನೋ ಕೂರಿಸದೆ ಇಟ್ಟಿಗೆ ಕೀಳಲು ಬಿಡಬೇಡಿ. ಒಳತಳ ಹೊರಗಡೆಗೆ ಸ್ವಲ್ಪ ಇಳಿಜಾರಿರಲಿ.

ಪರದೆ ಮೆತ್ತನೆಯ ಪ್ಲಾಸ್ಟಿಕ್ಕಿನದು, ಕೆಳಗೆ ಮ್ಯಾಗ್ನೆಟ್ ಪಟ್ಟಿ ಇರುವುದು ತನ್ನಿ. ನಾನು ಗಟ್ಟಿ ರಬ್ಬರ್ ಹಾಕಿಸಿ ತಪ್ಪು ಮಾಡಿದೆ. ಅದು ಬಾಲಕ್ಕೆ ಬಡಿದ ಮೇಲೆ ನಮ್ಮ ಕರಿಯ ಒಂದು ವಾರ ಆ ಕಡೆ ಮುಖ ಹಾಕಲಿಲ್ಲ, ಪಾಪ. ಹೊಸದು ಹಾಕಿದ ಮೇಲೆ ನಾಲ್ಕು ದಿನ ಪರದೆಯನ್ನು ಮೇಲಕ್ಕೆ ಕಟ್ಟಿ, ಆಚೆ ಕೂತು ಬಿಸ್ಕತ್ತು ತೋರಿಸಿ ಕರೆದೆ. ಆಮೇಲೆ ದಿನಕ್ಕಿಷ್ಟು ಇಳಿಸುತ್ತಾ ಬಂದೆ.

ಚೌಕಟ್ಟಿನ ಸುತ್ತಲಿನ ಸಂದಿಗೆ ಸಿಲಿಕೋನ್ ತುಂಬಿ, ಪರದೆಯ ಪಕ್ಕಗಳಿಗೆ ಬ್ರಷ್ ಪಟ್ಟಿ ಅಂಟಿಸಿ. ಆಮೇಲೆ ಫ್ಯಾನು ನಿಲ್ಲಿಸಿ ಒಂದು ಊದಿನಕಡ್ಡಿ ಹಚ್ಚಿ ಅಂಚಿನ ಉದ್ದಕ್ಕೂ ನಿಧಾನಕ್ಕೆ ತನ್ನಿ. ಹೊಗೆ ನೆಟ್ಟಗೆ ಏರುತ್ತಿದ್ದದ್ದು ಎಲ್ಲಿ ಬಾಗುತ್ತದೋ ಅಲ್ಲೇ ಸಂದಿ. ನಮ್ಮ ಮನೆಯಲ್ಲಿ ಎಡಗಡೆ ಕೆಳಮೂಲೆಯಲ್ಲಿ ಹೊಗೆ ಒಳಕ್ಕೆ ಬಾಗಿತ್ತು, ನೋಡಿದರೆ ಅಲ್ಲಿ ಗಾರೆಯೇ ಹಿಡಿದಿರಲಿಲ್ಲ.

ರಾತ್ರಿ ಮಾತ್ರ ನಾಯಿಯನ್ನು ಒಳಗೆ ಹಾಕಿ, ಕಿಂಡಿಗೆ ಜಾರು ಹಲಗೆ ಇಳಿಸಿ ಕೊಂಡಿ ಹಾಕಲೇಬೇಕು. ಪರದೆ ಹೆಗ್ಗಣವನ್ನೂ ಹಾವನ್ನೂ ತಡೆಯುವುದಿಲ್ಲ. ಜೋಗಿಮಟ್ಟಿ ಕಾಡಿನ ಕಡೆಯ ಮನೆಯವರು ಚಿರತೆಯನ್ನೂ ನೆನಪಿಡಿ, ನಾಯಿ ಅದಕ್ಕೆ ಸುಲಭದ ಊಟ. ಬಿಸಿಲಿಗೆ ಪ್ಲಾಸ್ಟಿಕ್ ಸೆಟೆದು ಬಿರುಕು ಬಿಡುತ್ತದೆ, ಹಾಗಾಗಿ ಯುಗಾದಿಗೆ ಮನೆ ತೊಳೆಯುವಾಗ ಪರದೆಯನ್ನೂ ಬಗ್ಗಿಸಿ ನೋಡಿ, ಸೆಟೆದಿದ್ದರೆ ಆಷಾಢಕ್ಕೆ ಮುಂಚೆಯೇ ಬದಲಾಯಿಸಿ.