ಲ, ಲಾ, ಲೇ: ಕಾಗುಣಿತ ಹಿಡಿದು ಫ್ರೆಂಚ್ ಕಲಿಸಿದ ಅನುಭವ

ನಾನು ಮಕ್ಕಳಿಗೆ ಫ್ರೆಂಚ್ ಹೇಳಿಕೊಡುತ್ತೇನೆ, ಮೊದಲ ಕೆಲವು ವಾರ ಪದಗಳ ಉಚ್ಚಾರಣೆಯನ್ನು ಕನ್ನಡ ಲಿಪಿಯಲ್ಲೇ ಬರೆಸುತ್ತೇನೆ. ಫ್ರೆಂಚ್ ಪಾಠಕ್ಕೆ ಕನ್ನಡ ಲಿಪಿ ಯಾಕೆ, ಉಚ್ಚಾರಣೆ ಕೆಡುತ್ತದೆ ಎಂದು ಬೆಂಗಳೂರಿನ ಜೊತೆಯ ಟೀಚರುಗಳು ಶುರುವಿನಿಂದಲೂ ಹೇಳುತ್ತಿದ್ದರು. ಫೀಸು ಕಟ್ಟಿದ್ದು ಫ್ರೆಂಚಿಗೆ, ನೋಟ್‌ಬುಕ್ಕಿನಲ್ಲಿ ನೋಡಿದರೆ ಕನ್ನಡ ಎಂದು ಎರಡು ಮನೆಯವರು ಮಕ್ಕಳನ್ನು ಬಿಡಿಸಿಕೊಂಡೂ ಹೋದರು. ಇದು ನಾಲ್ಕನೇ ಬ್ಯಾಚು. 8ರಿಂದ 12 ವರ್ಷದ ಒಂಬತ್ತು ಮಕ್ಕಳು ಡೆಲ್ಫ್ ಪ್ರಿಮ್ ಎ1 (ಮಕ್ಕಳಿಗಾಗಿಯೇ ಇರುವ ಫ್ರೆಂಚ್ ಪರೀಕ್ಷೆಯ ಆರಂಭದ ಹಂತ) ಬರೆದರು, ಒಂಬತ್ತೂ ಪಾಸು. ಕೇಳುವ ಭಾಗದಲ್ಲಿ 25ಕ್ಕೆ 20ರ ಕೆಳಗೆ ಬಂದವರು ಇಬ್ಬರೇ ಎಂದು ನೆನಪು. ಇನ್ನು ಬರೆಯಲು ಅಡ್ಡಿಯಿಲ್ಲ.

ಆಡುವ ಫ್ರೆಂಚಿನಲ್ಲಿ ಬಹುವಚನದ ಎಸ್ ಸಾಮಾನ್ಯವಾಗಿ ಕೇಳಿಸುವುದಿಲ್ಲ. ಪುಸ್ತಕ ಒಂದೋ ಹತ್ತೋ ಎನ್ನುವುದು ಪದಕ್ಕಿಂತ ಮೊದಲು ಬರುವ ಆರ್ಟಿಕಲ್‌ನಿಂದಲೇ (ಇಂಗ್ಲಿಷಿನ the ಥರದ ಪದ; ಪುಲ್ಲಿಂಗಕ್ಕೆ ಲ, ಸ್ತ್ರೀಲಿಂಗಕ್ಕೆ ಲಾ, ಬಹುವಚನಕ್ಕೆ ಲೇ) ತಿಳಿಯಬೇಕು: ಲ ಲೀವ್ರ್ ಅಂದರೆ ಒಂದು, ಲೇ ಲೀವ್ರ್ ಅಂದರೆ ಹಲವು. ಇಂಗ್ಲಿಷ್ ಅಭ್ಯಾಸದಲ್ಲಿ ಓದುವ ಮಗು ಮೊದಲನೆಯದನ್ನೂ 'ಲೆ' ಅಂದುಬಿಡುತ್ತದೆ, ಅಲ್ಲಿಗೆ ಒಂದೂ ಹತ್ತೂ ಒಂದೇ. ಕಾಗುಣಿತ ಬರೆದ ಮಗುವಿಗೆ ಲ, ಲಾ, ಲೇ ಮೂರೂ ಬೇರೆ ಬೇರೆ ಎಂದು ಹೊಸದಾಗಿ ಹೇಳಬೇಕಿಲ್ಲ. ದ-ದೇ, ಸ-ಸೇ, ಮಾ-ಮೇ ಎಂಬ ಚಿಕ್ಕ ಪದಗಳ ಜೋಡಿಗಳೂ ಹಾಗೆಯೇ. ಕ್ಲಾಸಿನ ಮೊದಲ ಐದು ನಿಮಿಷ ನಾನು ಪದ ಹೇಳುತ್ತೇನೆ, ಅವರು ಒಂದು ಬೆರಳು ಅಥವಾ ಐದು ಬೆರಳು ಎತ್ತುತ್ತಾರೆ. ಮೂರನೇ ವಾರಕ್ಕೆ ಹತ್ತರಲ್ಲಿ ಒಂಬತ್ತು ಸರಿ ಬರುತ್ತದೆ. ಲೇ ಎನ್ನುವಾಗ ಕನ್ನಡದಷ್ಟು ಎಳೆಯಬಾರದು, ಆದರೆ ಅದನ್ನು ಎರಡನೇ ತಿಂಗಳಲ್ಲಿ ಮೊಟಕು ಮಾಡಿಸಿದರೆ ಸಾಕು. ಮನೆಯಲ್ಲಿ ತಮಿಳು, ತೆಲುಗು ಆಡುವ ಮಕ್ಕಳಿಗೂ ಇದು ನಡೆಯಿತು, ಕನ್ನಡ ಓದಲು ಬಂದಿರಬೇಕು ಅಷ್ಟೆ.

ವ್ಯಂಜನಗಳಲ್ಲಿ ಟ, ಡ ಬಿಟ್ಟು ತ, ದ ಹಿಡಿಸಿದರೆ ಅರ್ಧ ಕೆಲಸ ಮುಗಿದಂತೆ. ಟೊಮ್ಯಾಟೊ ಅಲ್ಲ, ತೊಮಾತ್. ಟೇಬಲ್ ಅಲ್ಲ, ತಾಬ್ಲ್. ನಾಲಿಗೆ ಹಲ್ಲಿಗೆ ತಾಗಲಿ. 'ಯು' ಸ್ವರಕ್ಕೆ ಈ ಎನ್ನುತ್ತಲೇ ತುಟಿಯನ್ನು ಮಾತ್ರ ಊಕಾರಕ್ಕೆ ತರಬೇಕು. ನಾಲಿಗೆ ಹಿಂದೆ ಸರಿದರೆ ಅದು ಬರೀ ಊ. ಗಂಟಲಿನ ರಕಾರವನ್ನು ಪದದ ಮೊದಲಲ್ಲಿ ಹೇಳಿಸಬೇಡಿ. ಗ್ರ, ಕ್ರ ಇಂದ ಶುರು ಮಾಡಿ, ನಾಲಿಗೆಯ ಬುಡ ಆಗಲೇ ಮೇಲೆದ್ದಿರುತ್ತದೆ. ನಾನು ಬಳಸುವ ಪದಗಳ ಸರಣಿಯನ್ನು ಇಲ್ಲಿ ಕೊಡುವುದಿಲ್ಲ, ಅದು ನನ್ನ ಹೊಟ್ಟೆಪಾಡು.

ಕನ್ನಡ ಲಿಪಿ ಕೈಕೊಡುವುದು ಮೂಗಿನ ಸ್ವರಗಳಲ್ಲಿ. ಪದದ ಕೊನೆಯ ಸೊನ್ನೆ ನಮ್ಮ ಬಾಯಲ್ಲಿ ಮ್ ಆಗುತ್ತದೆ, ಹಾಗಾಗಿ 'ಬೊಂ' (bon, ಒಳ್ಳೆಯ) ಅನ್ನುವುದು 'ಬೊಮ್' ಆಗಿ ತುಟಿ ಮುಚ್ಚಿಕೊಳ್ಳುತ್ತದೆ. ಹಿಂದಿ ಓದುವ ಮಕ್ಕಳಿಗೆ ಚಂದ್ರಬಿಂದು ಗೊತ್ತಿರುವುದರಿಂದ ಅದನ್ನೇ ಹಾಕಿಸುತ್ತೇನೆ. ಕೈಗನ್ನಡಿ ಕೊಟ್ಟು, ಪದ ಮುಗಿದ ಮೇಲೂ ತುಟಿ ತೆರೆದೇ ಇದೆಯೇ ಎಂದು ಅವರೇ ನೋಡಿಕೊಳ್ಳಲಿ.

ದೊಡ್ಡ ಪೆಟ್ಟು ಬಿದ್ದದ್ದು ಮೊದಲ ಬ್ಯಾಚಿನಲ್ಲಿ. ಕನ್ನಡ ಲಿಪಿಯನ್ನು ಮೂರು ತಿಂಗಳು ಇಟ್ಟುಕೊಂಡೆ. ಮಾತು ಚೆನ್ನಾಗಿತ್ತು, ಸ್ಪೆಲ್ಲಿಂಗ್ ನೆಲಕಚ್ಚಿತು. ಬೋಕೂ (beaucoup, ಬಹಳ) ಎಂಬ ಪದಕ್ಕೆ ಎಂಟು ಅಕ್ಷರ ಬೇಕು, ಮಕ್ಕಳು ನಾಲ್ಕರಲ್ಲಿ ಮುಗಿಸುತ್ತಿದ್ದರು. ಎ1ರಲ್ಲಿ ನೂರಕ್ಕೆ 50 ಬಂದರಷ್ಟೇ ಸಾಲದು, ಯಾವ ಭಾಗದಲ್ಲೂ 5ಕ್ಕಿಂತ ಕಡಿಮೆ ಬರಕೂಡದು. ಬರೆಯುವ ಭಾಗದಲ್ಲಿ ಒಬ್ಬ ಹುಡುಗನಿಗೆ ಅದೇ ಮುಳುವಾಯಿತು. ಜೊತೆಗೆ ಸುಮಾರು 350 ಫ್ಲ್ಯಾಶ್ ಕಾರ್ಡುಗಳ ಹಿಂಬದಿಗೆ ಕನ್ನಡ ಅಚ್ಚು ಹಾಕಿಸಿ ಲ್ಯಾಮಿನೇಟ್ ಮಾಡಿಸಿದ್ದೆ. ಅಳಿಸುವ ಹಾಗಿಲ್ಲ, ನಾಲ್ಕು ಸಾವಿರ ಚಿಲ್ಲರೆ ನೀರಿಗೆ ಹೋಯಿತು. ಒಂದು ಮಗುವಿಗೆ ತಿಂಗಳಿಗೆ 1,500 ತೆಗೆದುಕೊಳ್ಳುವ ನನಗೆ ಅದು ಸಣ್ಣ ಮೊತ್ತವಲ್ಲ. ಈಗ ಲ್ಯಾಮಿನೇಷನ್ ಇಲ್ಲದ ದಪ್ಪ ಕಾರ್ಡು, ಹಿಂಬದಿಯಲ್ಲಿ ಪೆನ್ಸಿಲ್. ಆರನೇ ವಾರ ಮಕ್ಕಳ ಕೈಯಲ್ಲೇ ಅಳಿಸುತ್ತೇನೆ.

ಫ್ರೆಂಚಿನಲ್ಲಿ ವಸ್ತುಗಳಿಗೂ ಗಂಡು, ಹೆಣ್ಣು ಎಂಬ ಲಿಂಗವಿದೆ. ಅದನ್ನು ನೆನಪಿಡಿಸಲು ಕಾರ್ಡಿನ ಅಂಚಿನ ಬಣ್ಣ ಬಿಟ್ಟರೆ ಬೇರೆ ದಾರಿ ಕಾಣಲಿಲ್ಲ. ನಮ್ಮಲ್ಲಿ ಮೇಜು, ಕುರ್ಚಿ ಎಲ್ಲ ನಪುಂಸಕ, ಮೇಜು ಹೆಣ್ಣು ಹೇಗೆ ಎಂದು ಕೇಳುವ ಮಗುವಿಗೆ ಒಪ್ಪುವ ಉತ್ತರವಿಲ್ಲ. ಸ್ವರದಿಂದ ಶುರುವಾಗುವ ಪದಗಳನ್ನು ಮಾತ್ರ ಲ, ಲಾ ಜೊತೆ ಕಲಿಸಬೇಡಿ. 'ಲೆಕೋಲ್' (ಲಾ + ಎಕೋಲ್, ಶಾಲೆ) ಎಂದರೆ ಲಿಂಗ ನುಂಗಿಹೋಗುತ್ತದೆ, 'ಯುನೆಕೋಲ್' (ಯುನ್ ಎಂದರೆ ಸ್ತ್ರೀಲಿಂಗದ 'ಒಂದು') ಎಂದೇ ಬಾಯಿಪಾಠ ಮಾಡಿಸಿ.

ಆರ್ಟಿಕಲ್ ಹೀಗೆ ಪದದ ಜೊತೆ ಕೂಡಿಕೊಳ್ಳುವುದು ಸಂಧಿ ಓದಿರುವ ದೊಡ್ಡ ಮಕ್ಕಳಿಗೆ ಇನ್ನೂ ಸುಲಭ. ಊರು + ಅಲ್ಲಿ = ಊರಲ್ಲಿ, ಲ + ಅಮಿ (ಗೆಳೆಯ) = ಲಮಿ: ಲೋಪಸಂಧಿ. ಮನೆ + ಅನ್ನು = ಮನೆಯನ್ನು, ಲೇ + ಅಮಿ = ಲೇಜ಼ಮಿ: ಆಗಮ. ನಿಜಕ್ಕೂ ಅಲ್ಲಿ ಹೊಸ ಅಕ್ಷರ ಬರುವುದಿಲ್ಲ, ಬರಹದಲ್ಲಿ ಸುಮ್ಮನೆ ಕೂತಿದ್ದ ಎಸ್ ಬಾಯಿಗೆ ಬರುತ್ತದೆ. ಆದರೂ ಹುಡುಗರಿಗೆ ಹಿಡಿತ ಸಿಗುತ್ತದೆ. 'ಲೇ ಏರೋ' (ವೀರರು) ಎಂಬಂಥ ಪದಗಳಲ್ಲಿ ಸಂಧಿ ಮಾಡಕೂಡದು ಎನ್ನುವುದನ್ನೂ ಅಂದೇ ಹೇಳಿಬಿಡಿ, ಮಾಡಿದರೆ 'ಲೇ ಜ಼ೇರೋ' ಎಂದು ಕೇಳಿಸಿ ವೀರರೆಲ್ಲ ಸೊನ್ನೆಗಳಾಗುತ್ತಾರೆ.

ಬೇಸಿಗೆ ರಜೆಯಲ್ಲಿ ಮೂವರಿಗೆ ಜಪಾನಿ ಹೇಳಿಕೊಟ್ಟು ನೋಡಿದೆ. ಫ್ರೆಂಚಿನಲ್ಲಿ ಪದಗಳ ಕ್ರಮಕ್ಕೆ ಕನ್ನಡ ನೆರವಾಗುವುದಿಲ್ಲ, ಇಲ್ಲಿ ಅದೇ ದೊಡ್ಡ ಆಸ್ತಿ. 'ಗಕ್ಕೋ ನಿ ಇಕಿಮಾಸು' ಎಂದರೆ 'ಶಾಲೆ-ಗೆ ಹೋಗುತ್ತೇನೆ', ವಿಭಕ್ತಿ ಸಮೇತ ಅದೇ ಸಾಲು. ಒತ್ತಕ್ಷರವೂ ಕೂಡಿಬಂತು. ಜರ್ಮನ್‌ನಲ್ಲಿ 'ಅನ್ನು', 'ಗೆ' ಪ್ರತ್ಯಯಗಳು ಕೆಲಸಕ್ಕೆ ಬಂದವು, ಆದರೆ ಫ್ರೆಂಚಿನ ತ ಅಲ್ಲಿಗೆ ಒಗ್ಗದು, ಅದರ ಟಿ ಉಸಿರು ಬಿಟ್ಟು ಹೇಳುವಂಥದ್ದು.

ಇನ್ನೂ ಸರಿಹೋಗದ್ದು ವಿಶೇಷಣ, ಫ್ರೆಂಚಿನಲ್ಲಿ ಅದು ಲಿಂಗಕ್ಕೆ ತಕ್ಕಂತೆ ಬದಲಾಗುತ್ತದೆ. ಕೆಂಪು ಅಂಗಿ, ಕೆಂಪು ಹೂಗಳು: ನಮ್ಮ ಕೆಂಪು ಬದಲಾಗುವುದಿಲ್ಲ. ಈ ಸಲ ಸ್ತ್ರೀಲಿಂಗವನ್ನೇ ಮೊದಲು ಕಲಿಸಿ, ಕೊನೆಯ ವ್ಯಂಜನ ಕಳಚಿ ಪುಲ್ಲಿಂಗ ಮಾಡಿಸುತ್ತಿದ್ದೇನೆ: ವೆರ್ತ್‌ನಿಂದ ವೆರ್ (ಹಸಿರು), ಪತಿತ್‌ನಿಂದ ಪತಿ (ಚಿಕ್ಕ). ಬಾಯಲ್ಲಿ ಸರಿಬರುತ್ತಿದೆ. ಬರೆಯುವಾಗ ಕೊನೆಯ ಇ ಅಕ್ಷರ ಬಿಡುವುದು ನಿಂತಿಲ್ಲ, ಅದಕ್ಕೆ ಈಗ ವಾರಕ್ಕೆ ಎರಡು ಉಕ್ತಲೇಖನ, ತಲಾ ಆರು ಸಾಲು.